ಹವಾಮಾನ ಬದಲಾವಣೆ ಬಗ್ಗೆ ಜಗತ್ತಿಗೆಲ್ಲ ಎಚ್ಚರಿಕೆ ಹೇಳುವ ಅಮೆರಿಕದ ಮಾಜಿ ಉಪಾಧ್ಯಕ್ಷ ಆಲ್ ಗೋರ್ ವಿಮಾನದಲ್ಲೇ ಓಡಾಡುತ್ತಾರೆ. ಹಾಗಾದರೆ ಹವಾಮಾನ ಬದಲಾವಣೆ ಸುಳ್ಳಾ?

ನಮ್ಮ ಬದಿಯಡ್ಕ ಕಡೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಸಿಂಪಡಿಸಿ ಅಂತ ಊರಿಗೆಲ್ಲ ಹೇಳುವವನ ತೋಟದಲ್ಲೇ ಕೆಲವೊಮ್ಮೆ ಅಡಿಕೆ ಉದುರಿ ಬಿದ್ದಿರುತ್ತದೆ. ಹಾಗಂತ ಮೈಲುತುತ್ತು, ಸುಣ್ಣದ ಆ ಮದ್ದು ಸುಳ್ಳಾಗುವುದಿಲ್ಲ ಅಲ್ವಾ?

ಗೋರ್ ಹುಟ್ಟಿದ್ದು 1948ರಲ್ಲಿ. ಇಂಗಾಲದ ಡೈಆಕ್ಸೈಡ್ ಶಾಖ ಹೀರುತ್ತದೆ ಅಂತ ವಿಜ್ಞಾನಿ ಜಾನ್ ಟಿಂಡಾಲ್ ಪ್ರಯೋಗ ಮಾಡಿ ತೋರಿಸಿದ್ದು 1859ರಲ್ಲಿ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿಯಲ್ಲಿ ಇದು ಎಷ್ಟಿದೆ ಅಂತ ಯಂತ್ರದಿಂದ ಅಳೆಯುತ್ತಿದ್ದಾರೆ. ಆಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಭಾಗ ಇದ್ದ ಈ ಅನಿಲ ಈಗ 420 ದಾಟಿದೆ. ಆ ಯಂತ್ರಕ್ಕೆ ಗೋರ್ ಯಾರೆಂದೇ ಗೊತ್ತಿಲ್ಲ!

ಅವರ ವಿಮಾನವನ್ನು ಧಾರಾಳವಾಗಿ ಬೈಯಿರಿ. ಆದರೆ ಅಂಗಳದಲ್ಲಿ ಹರಡಿದ ಅಡಿಕೆ ಒಂದು ಅಕಾಲ ಮಳೆಗೆ ನೆನೆದ ಕೂಡಲೇ ‘ಹವಾಮಾನ ಬದಲಾವಣೆ’ ಅನ್ನುವುದೂ ಸುಮ್ನೆ ಮಾತು. ಒಂದು ಮಳೆ ಸಾಲದು, ಹತ್ತಾರು ವರ್ಷದ ಲೆಕ್ಕ ಬೇಕು.