ಗ್ರಾಮಸಭೆಯಲ್ಲಿ ಮಾತಾಡಲು ಕ್ಲಾಸಿಗೆ ಹೋಗಬೇಕಾ?

ನಮಸ್ಕಾರ ಅಕ್ಕ. ಮೊದಲ ಸಲ ಪಂಚಾಯಿತಿ ಸದಸ್ಯೆ ಆಗಿದ್ದೀರಿ, ಸಭೆಯಲ್ಲಿ ಎದ್ದು ನಿಂತರೆ ಗಂಟಲು ಒಣಗುತ್ತದೆ, ದುಡ್ಡು ಕೊಟ್ಟು ಭಾಷಣ ಕಲಿತರೆ ದಂಡವಾ ಅಂತ ಕೇಳಿದ್ದೀರಿ.

ಕಲಿಯುವುದು ದಂಡ ಅಲ್ಲ. ಆದರೆ ಭಾಷಣಕ್ಕಿಂತ ಪ್ರಶ್ನೆ ಕೇಳುವುದನ್ನು ಕಲಿಯಿರಿ. ನಮ್ಮ ರಾಜ್ಯದಲ್ಲಿ ಪಂಚಾಯಿತಿಯ ಅರ್ಧ ಸೀಟು ಹೆಂಗಸರಿಗೆ ಮೀಸಲು. ಆದರೂ ಎಷ್ಟೋ ಕಡೆ ಸಹಿ ಸದಸ್ಯೆಯದು, ಮಾತು ಗಂಡನದು. ನೀವೂ ನೋಡಿರುತ್ತೀರಿ, ಅಲ್ವಾ?

ನಾನೂ ಒಂದು ಅವಧಿ ಸದಸ್ಯೆ ಆಗಿದ್ದೆ. ಮೊದಲ 6 ತಿಂಗಳು ಟೀ ಕುಡಿದು ಸುಮ್ನೆ ಎದ್ದು ಬರುತ್ತಿದ್ದೆ. ಆಮೇಲೆ ನಮ್ಮ ಸ್ವಸಹಾಯ ಸಂಘದಲ್ಲಿ ವಾರವಾರ ಸಾಲದ ಲೆಕ್ಕ ಓದುವ ಕೆಲಸ ಹಿಡಿದೆ. ಎಲ್ಲಾ ಗೊತ್ತಿರುವ ಮುಖಗಳು. ಲೆಕ್ಕ ಓದುವಾಗ ಗಮನ ಅಂಕಿಯ ಮೇಲಿರುತ್ತದೆ, ದನಿ ಅಷ್ಟು ನಡುಗುವುದಿಲ್ಲ.

ಸಭೆಗೆ ಒಂದೇ ವಿಷಯ ಒಯ್ಯಿರಿ. ‘ನೀರಿನ ಸಮಸ್ಯೆ ಇದೆ’ ಅಂದರೆ ‘ನೋಡೋಣ’ ಅನ್ನುತ್ತಾರೆ, ಮುಗಿಯಿತು. ‘ಶಾಲೆ ಹತ್ತಿರದ ಬೋರ್‌ವೆಲ್ ಮೋಟಾರು ಕೆಟ್ಟು 12 ದಿನ ಆಯಿತು, ರಿಪೇರಿ ಯಾವತ್ತು?’ ಅಂತ ಕೇಳಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಜಾರಿಕೊಳ್ಳುವುದು ಕಷ್ಟ. ಕೂರುವ ಮುಂಚೆ ‘ಇದನ್ನು ನಡಾವಳಿಯಲ್ಲಿ ಬರೆಯಿರಿ’ ಅನ್ನಲೇಬೇಕು. ಇದೊಂದು ಮಾತು ಕಲಿಯಲು ನನಗೆ 2 ವರ್ಷ ಹಿಡಿಯಿತು, ಅದೂ ಊರವರಿಂದ ಬೈಸಿಕೊಂಡು.

ಮನೆಯಲ್ಲಿ ಎದ್ದು ನಿಂತು ಜೋರಾಗಿ 3 ಸಲ ಹೇಳಿ ನೋಡಿ. ಮಕ್ಕಳು ನಕ್ಕರೆ ನಗಲಿ.

ಪೇಟೆಯ ಕ್ಲಾಸು ಆಮೇಲೆ ನೋಡೋಣ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಚುನಾಯಿತ ಸದಸ್ಯರಿಗೆ ತರಬೇತಿ ಕೊಡುತ್ತದೆ. ನಿಮ್ಮ ಸರದಿ ಯಾವಾಗ ಅಂತ ಪಂಚಾಯಿತಿಯಲ್ಲೇ ವಿಚಾರಿಸಿ. ಹೋಗುವಾಗ ಗಂಡನನ್ನು ಮನೆಯಲ್ಲೇ ಬಿಟ್ಟು ಹೋಗಿ.