ಸಂಪಾದಕರ ಉತ್ತರ: ಆ ಕಪ್ಪು ತುಕ್ಕಿಗೆ ಕೈ ಹಚ್ಚಬೇಡಿ

ಮಡಿಕೇರಿಯ ಓದುಗರೊಬ್ಬರ ಪತ್ರದ ಸಾರಾಂಶ: "ಬರ್ಮಾ ಯುದ್ಧದಿಂದ ಮರಳುವಾಗ ನಮ್ಮ ಅಜ್ಜ ತಂದ ಜಪಾನಿ ಕಠಾರಿಯೊಂದು ಮನೆಯಲ್ಲಿದೆ. ಅಲಗಿನ ಉದ್ದ 26 ಸೆಂ.ಮೀ. ಹಿಡಿ ಬಿಚ್ಚಿದಾಗ ಅಲಗಿನ ಬುಡವೆಲ್ಲ ಕಪ್ಪು ತುಕ್ಕು, ನಡುವೆ ಕೆಲವು ಅಕ್ಷರಗಳು. ತುಕ್ಕು ತೆಗೆಸಿ ಹೊಳಪು ಕೊಡಿಸಿದರೆ ಎರಡು ಪಟ್ಟು ಬೆಲೆ ಬರುತ್ತದೆ, ವಿದೇಶದ ಸಂಗ್ರಾಹಕರಿಗೆ ತಾನೇ ಮಾರಿಸಿಕೊಡುತ್ತೇನೆ ಎಂದು ವ್ಯಾಪಾರಿಯೊಬ್ಬರು ಹೇಳುತ್ತಿದ್ದಾರೆ. ಏನು ಮಾಡಲಿ?"

ಮೊದಲು ಹಿಡಿಯನ್ನು ಮತ್ತೆ ಜೋಡಿಸಿ, ಗೂಟವನ್ನು ಅದರ ರಂಧ್ರಕ್ಕೆ ಸೇರಿಸಿ, ವ್ಯಾಪಾರಿಗೆ ಸದ್ಯಕ್ಕೆ ಬೇಡವೆಂದು ಹೇಳಿ ಕಳುಹಿಸಿ. ಅವರ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಅಲಗಿನ ಮೇಲೆ ಹೊಸದಾಗಿ ಹುಟ್ಟಿದ ಕೆಂಪು ತುಕ್ಕು ಉಕ್ಕನ್ನು ತಿನ್ನುತ್ತದೆ, ಅದನ್ನು ತಡೆಯಲೇಬೇಕು. ಆದರೆ ಹಿಡಿಯೊಳಗೆ ಅಡಗಿರುವ ಬುಡದ ಕಪ್ಪು ತುಕ್ಕು ಬೇರೆಯೇ ಸಂಗತಿ. ಜಪಾನಿಯರು ನಕಾಗೊ ಎಂದು ಕರೆಯುವ ಈ ಭಾಗದ ತುಕ್ಕನ್ನು ಕಮ್ಮಾರರಾಗಲಿ ಸಾಣೆಗಾರರಾಗಲಿ ಉಜ್ಜಿ ತೆಗೆಯುವುದಿಲ್ಲ. ಅಲ್ಲಿನ ತುಕ್ಕಿನ ಬಣ್ಣ, ಅರದ ಗೀರುಗಳು ಸಾಗಿರುವ ದಿಕ್ಕು, ಗೂಟದ ರಂಧ್ರ, ಉಳಿಯಿಂದ ಕೊರೆದ ಹೆಸರಿನ ಅಂಚು ಇವನ್ನೆಲ್ಲ ಒಟ್ಟಿಗೆ ನೋಡಿಯೇ ಅಲಗಿನ ವಯಸ್ಸನ್ನು ಅಂದಾಜು ಮಾಡುತ್ತಾರೆ. ನಿಮ್ಮ ವ್ಯಾಪಾರಿ ತೆಗೆಯಹೊರಟಿರುವುದು ಕೊಳೆಯನ್ನಲ್ಲ, ನಿಮ್ಮ ಕಠಾರಿಯ ಜನನಪತ್ರವನ್ನು.

ಒಂದು ಶಾಕು, ಅಂದರೆ ಸುಮಾರು 30.3 ಸೆಂ.ಮೀ.ಗಿಂತ ಗಿಡ್ಡವಾದ ಅಲಗನ್ನು ಟಾಂಟೊ ಎನ್ನುತ್ತಾರೆ. ಉದ್ದದ ಲೆಕ್ಕದಲ್ಲಿ ನಿಮ್ಮದು ಅದೇ. ಅಷ್ಟರಿಂದ ಮಾತ್ರ ಅದು ಪುರಾತನವೆಂದು ಹಿಗ್ಗಬೇಡಿ. ಮೆಯ್ಜಿ ಕಾಲದಲ್ಲಿ (1868–1912) ವಿದೇಶಿಯರಿಗೆಂದೇ ಮೂಳೆಯ ಒರೆಯ ಮೇಲೆ ಸೊಗಸಾದ ಕೆತ್ತನೆ ಮಾಡಿ ಒಳಗೆ ಕೆಲಸಕ್ಕೆ ಬಾರದ ಅಲಗು ತುರುಕಿ ಮಾರಿದವು ಹೇರಳವಾಗಿವೆ. ಯುದ್ಧಕಾಲದಲ್ಲಿ ಕಾರ್ಖಾನೆಯ ಉಕ್ಕಿನಿಂದ ಮಾಡಿದ ಅಲಗುಗಳೂ ಅಷ್ಟೇ ಹೇರಳ. 1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಮೌಂಟ್‌ಬ್ಯಾಟನ್ ಅವರೆದುರು ಆಗ್ನೇಯ ಏಷ್ಯಾದ ಜಪಾನಿ ಸೇನೆ ಶರಣಾಯಿತು. ಜಪಾನಿ ಅಧಿಕಾರಿಗಳು ಖಡ್ಗಗಳನ್ನು ಒಪ್ಪಿಸಲೇಬೇಕೆಂಬುದು ಮೌಂಟ್‌ಬ್ಯಾಟನ್ ಅವರ ಹಟವಾಗಿತ್ತು. ಹಾಗೆ ಕೈಬದಲಾದ ಆಯುಧಗಳಲ್ಲಿ ಕಾರ್ಖಾನೆಯ ಮಾಲೂ ಇತ್ತು, ಮನೆತನದ ಹಳೆಯ ಅಲಗಿಗೆ ಸೈನ್ಯದ ಹೊದಿಕೆ ತೊಡಿಸಿ ತಂದದ್ದೂ ಇತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಬೇರ್ಪಡಿಸಬೇಕಾದರೆ ಹಿಡಿ ಬಿಚ್ಚಿ ನೋಡಬೇಕು.

ಅಕ್ಷರಗಳಿವೆ ಎಂದು ಸಂಭ್ರಮದಿಂದ ಬರೆದಿದ್ದೀರಿ. ಸಂಭ್ರಮ ಸ್ವಲ್ಪ ತಾಳಲಿ. ಹೆಸರಾಂತ ಕಮ್ಮಾರರ ಹೆಸರನ್ನು ಯಾರದೋ ಅಲಗಿನ ಮೇಲೆ ಕೊರೆಯುವ ದಂಧೆ ಜಪಾನಿನಲ್ಲಿ ಶತಮಾನಗಳಷ್ಟು ಹಳೆಯದು. ಅಂಥ ಸುಳ್ಳು ಸಹಿಗೆ ಗಿಮೆಯ್ ಎಂಬ ಹೆಸರೇ ಇದೆ. ಎಲ್ಲರ ಬಾಯಲ್ಲೂ ಇರುವ ಕಮ್ಮಾರ ಮಸಾಮುನೆಯ ನಿಜವಾದ ಸಹಿಯಿರುವ ಅಲಗುಗಳಂತೂ ತೀರಾ ವಿರಳ. ಆದ್ದರಿಂದಲೇ ಬಲ್ಲವರು ಸಹಿಯಿಂದ ಆರಂಭಿಸುವುದಿಲ್ಲ. ಅವರ ಪರೀಕ್ಷಾ ಕೂಟಗಳಲ್ಲಿ ಬುಡವನ್ನು ಮುಚ್ಚಿಟ್ಟು ಅಲಗನ್ನಷ್ಟೇ ಕೈಗೆ ಕೊಡುತ್ತಾರೆ. ಬಾಗು, ಉಕ್ಕನ್ನು ಮಡಿಸಿ ಬಡಿದಾಗ ಮೂಡಿದ ಎಳೆ, ಬಾಯಿಯುದ್ದಕ್ಕೂ ಮಂಜಿನಂತೆ ಹರಿಯುವ ಹಾಮೊನ್ ರೇಖೆ, ತುದಿಯಲ್ಲಿ ಆ ರೇಖೆ ತಿರುಗುವ ಬಗೆ ಇಷ್ಟನ್ನು ನೋಡಿ ಕಮ್ಮಾರನ ಹೆಸರು ಬರೆದುಕೊಡಬೇಕು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮಲ್ಲಿ ಕೊಡವರ ಒಂದು ಪೀಚೆ ಕತ್ತಿಯನ್ನು ಕೈಗೆ ಕೊಟ್ಟರೆ ಒರೆಯ ಬೆಳ್ಳಿ ಎಷ್ಟು ತೊಲ ಎಂದು ಕೇಳುವವರೇ ಹೆಚ್ಚು. ಅಲಗು ಯಾವ ಕುಲುಮೆಯದು ಎಂದು ಕೇಳುವವರನ್ನು ನಾನಿನ್ನೂ ಕಂಡಿಲ್ಲ.

ಹಾಗಾದರೆ ಸಾಣೆಯೇ ಬೇಡವೇ ಎಂದು ನೀವು ಕೇಳಬಹುದು. ಅಲಗಿಗೆ ಸಾಣೆ ಉಂಟು, ಆದರೆ ಅದು ಒಂದರ ನಂತರ ಒಂದು ನಯವಾದ ಕಲ್ಲು ಬದಲಿಸುತ್ತ ವಾರಗಟ್ಟಲೆ ಕೂತು ಮಾಡುವ ಕೆಲಸ. ಅದಕ್ಕೆಂದೇ ವರ್ಷಗಟ್ಟಲೆ ಗುರುವಿನ ಬಳಿ ಪಳಗಿದವರಿದ್ದಾರೆ. ಪ್ರತಿ ಸಾಣೆಗೂ ಅಲಗು ಒಂದಿಷ್ಟು ಸವೆಯುತ್ತದೆ, ಹಲವು ಸಾಣೆ ಕಂಡದ್ದರಲ್ಲಿ ಹೊರಪದರ ಕಳೆದು ಒಳಗಿನ ಮೆದು ಉಕ್ಕು ಇಣುಕುತ್ತದೆ. ವ್ಯಾಪಾರಿ ಹೇಳುವ ಹೊಳಪು ತಿರುಗುವ ಚಕ್ರಕ್ಕೆ ಹಿಡಿದು ಕೊಡುವಂಥದ್ದು. ಅದು ಹಾಮೊನ್ ರೇಖೆಯನ್ನು ಅಳಿಸುತ್ತದೆ, ತಿಳಿದ ಸಂಗ್ರಾಹಕ ಅಂಥದ್ದನ್ನು ನೋಡಿ ಮುಂದೆ ಹೋಗುತ್ತಾನೆ. ಎರಡು ಪಟ್ಟು ಬೆಲೆ ಎಂಬುದು ತಿಳಿಯದವನ ಲೆಕ್ಕ.

ಇದು ಕಠಾರಿಯೊಂದರ ಸಮಸ್ಯೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಹೊಳೆಯುವುದೇ ಬೆಲೆಯುಳ್ಳದ್ದು ಎಂಬ ನಂಬಿಕೆಯಿಂದ ನಾವು ವೀರಗಲ್ಲುಗಳಿಗೆ ಎಣ್ಣೆಬಣ್ಣ ಬಳಿದಿದ್ದೇವೆ, ಶಾಸನದ ಕಲ್ಲಿಗೆ ಸುಣ್ಣ ಹಚ್ಚಿ ಅಕ್ಷರ ಮುಚ್ಚಿದ್ದೇವೆ, ಕಂಚಿನ ವಿಗ್ರಹವನ್ನು ಹುಳಿಯಲ್ಲಿ ತಿಕ್ಕಿ ಮೂಗು ಸವೆಸಿದ್ದೇವೆ. ಜೀರ್ಣೋದ್ಧಾರವೆಂದು ಕರೆದು ಸನ್ಮಾನವನ್ನೂ ಮಾಡಿಸಿಕೊಂಡಿದ್ದೇವೆ.

ಮಾರಾಟದ ವಿಚಾರ. ಕಠಾರಿ ನೂರು ವರ್ಷ ದಾಟಿದ್ದೆಂದು ತೀರ್ಮಾನವಾದರೆ 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ವಿದೇಶಿ ಸಂಗ್ರಾಹಕರ ಹೆಸರು ಹೇಳಿದ ನಿಮ್ಮ ವ್ಯಾಪಾರಿ ಇದನ್ನು ಹೇಳಿದರೇ? ಆಯುಧ ಕಾಯ್ದೆಯ ಕಟ್ಟಳೆ ಏನೆಂಬುದನ್ನೂ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಮಾರುವುದು ತಪ್ಪಲ್ಲ, ಅಜ್ಜನ ವಸ್ತುವನ್ನು ಮಾರಿದರೆಂದು ನಿಮ್ಮನ್ನು ಹಳಿಯುವವನೂ ನಾನಲ್ಲ. ಆದರೆ ಸಂಗ್ರಾಹಕರಲ್ಲಿ ಇನ್ನೊಂದು ಜಾತಿಯೂ ಇದೆ. ಜಪಾನಿನ ಕಾಗೊಶಿಮಾದ ತೆರುಕುನಿ ದೇಗುಲದಿಂದ ಯುದ್ಧಾನಂತರ ಕಾಣೆಯಾಗಿದ್ದ, ಕುನಿಮುನೆ ಎಂಬ ಕಮ್ಮಾರನ ಖಡ್ಗ ಅಮೆರಿಕದ ವಾಲ್ಟರ್ ಕಾಂಪ್ಟನ್ ಅವರ ಕೈಗೆ ಬಂದಿತ್ತು. ಅದೇನೆಂದು ತಿಳಿದ ಮೇಲೆ ಅವರು 1963ರಲ್ಲಿ ಬಿಡಿಗಾಸು ಪಡೆಯದೆ ಅದನ್ನು ದೇಗುಲಕ್ಕೆ ಮರಳಿಸಿದರು.

ಈಗ ಮಾಡಬೇಕಾದದ್ದು ಇಷ್ಟೇ. ಅಲಗನ್ನು ಬರಿಗೈಯಿಂದ ಮುಟ್ಟದೆ, ಮೆತ್ತನೆಯ ಒಣಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಯಂತ್ರದ ಎಣ್ಣೆ ಸವರಿ. ಬುಡಕ್ಕೆ ಅದೂ ಬೇಡ. ಬುಡದ ಎರಡೂ ಬದಿಗಳನ್ನು ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು, ಫೋಟೋ ತೆಗೆಯಿರಿ. ಅಜ್ಜನ ಸೇನಾ ದಾಖಲೆ ಪುಸ್ತಕವೋ ಪತ್ರವೋ ಉಳಿದಿದ್ದರೆ ಅದರ ಪ್ರತಿಯನ್ನೂ ಸೇರಿಸಿ ನಮಗೆ ಕಳುಹಿಸಿ. ಜಪಾನಿ ಬಲ್ಲವರಿಂದ ಆ ಅಕ್ಷರಗಳನ್ನು ಓದಿಸಿ ಮುಂದಿನ ಸಂಚಿಕೆಗಳಲ್ಲಿ ತಿಳಿಸುತ್ತೇವೆ.