ಸಂಕಲ್ಪದಲ್ಲಿ ತಪ್ಪಿದ ಊರು

ಆಪ್ತಸಮಾಲೋಚಕಿಯಾಗಿ ನಾನು ಕಂಡ ಈ ಪ್ರಕರಣವನ್ನು ಬರೆಯಲು ಮನೆಯವರೆಲ್ಲರ ಒಪ್ಪಿಗೆ ಪಡೆದಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಇಲ್ಲಿ ಭಟ್ಟರು ಎಂದಷ್ಟೇ ಕರೆಯುತ್ತೇನೆ. ವಯಸ್ಸು 35. ಐದು ವರ್ಷ ಅಮೆರಿಕದ ಒಂದು ದೇವಸ್ಥಾನದಲ್ಲಿ ಅರ್ಚಕರಾಗಿದ್ದು, ಭಾದ್ರಪದದಲ್ಲಿ ಹೆಂಡತಿ ಮತ್ತು ಮಗಳೊಂದಿಗೆ ಬೆಂಗಳೂರಿನ ತಾಯಿಮನೆಗೆ ಮರಳಿದ್ದರು.

ಮೊದಲು ಕರೆ ಮಾಡಿದವರು ಅವರ ಪತ್ನಿ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತಿದ್ದ ವಾರ ಅದು. ಅವರ ಮಾತಿನ ಹಿಂದೆ ಪೀಪಿಗಳ ಸದ್ದು ಕೇಳುತ್ತಿತ್ತು. “ಇವರು ಸುಮಾರು ಎರಡು ತಿಂಗಳಿಂದ ಸಂಧ್ಯಾವಂದನೆಯನ್ನೂ ಬಿಟ್ಟಿದ್ದಾರೆ ಮೇಡಂ. ದೇವರ ಮನೆಯ ಹೊಸಿಲು ದಾಟುವುದಿಲ್ಲ. ರಾತ್ರಿ ಎರಡೂವರೆಗೆ ಎದ್ದು ಮೊಬೈಲ್ ಹಿಡಿದು ಕುಳಿತಿರುತ್ತಾರೆ” ಎಂದರು. ಉಪನಯನವಾದಾಗಿನಿಂದ ಒಂದು ದಿನವೂ ತಪ್ಪಿಸದ ಮನುಷ್ಯ ಎಂಬುದನ್ನು ಅವರು ಎರಡು ಸಲ ಹೇಳಿದರು.

ಭಟ್ಟರು ಬಂದರು. ಕುರ್ಚಿಯ ಅಂಚಿನಲ್ಲಿ ಕುಳಿತರು. ಏನಾಯಿತು ಎಂದು ಕೇಳಿದ್ದಕ್ಕೆ, “ಸಂಕಲ್ಪ ತಪ್ಪಿತು” ಎಂದಷ್ಟೇ ಹೇಳಿ ಸುಮ್ಮನಾದರು. ನಾನು ಆ ಮಾತನ್ನು ಬೆನ್ನಟ್ಟಲಿಲ್ಲ. ಅಲ್ಲಿ ನಿಮ್ಮ ಒಂದು ದಿನ ಹೇಗಿರುತ್ತಿತ್ತು, ಬೆಳಗಿನಿಂದ ಹೇಳಿ ಎಂದೆ. ಅವರು ತಲೆಯೆತ್ತಿ ನೋಡಿದ ರೀತಿಯಲ್ಲೇ ಗೊತ್ತಾಯಿತು, ಊರಿಗೆ ಬಂದ ಮೂರು ತಿಂಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಎಷ್ಟು ಉಳಿಸಿದಿರಿ ಎಂದು ಎಲ್ಲರೂ ಕೇಳಿದ್ದರು.

ಆ ದಿನ ಒಂದೂವರೆ ಗಂಟೆ ಮಾತನಾಡಿದರು. ಚಳಿಗಾಲದಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು, ಪಂಚೆಯ ಮೇಲೆ ದಪ್ಪ ಕೋಟು, ಕಾಲಿಗೆ ಬೂಟು ಹಾಕಿಕೊಂಡು ದೇವಸ್ಥಾನದ ಮೆಟ್ಟಿಲ ಮೇಲಿನ ಹಿಮವನ್ನು ಸಲಿಕೆಯಿಂದ ಸರಿಸುವುದು. ಆಮೇಲೆ ಬೂಟು ಕಳಚಿ, ಮತ್ತೆ ಸ್ನಾನ ಮಾಡಿ ಸುಪ್ರಭಾತ. ವಾರದ ದಿನಗಳಲ್ಲಿ ಅಭಿಷೇಕ ನೋಡಲು ಒಬ್ಬರೋ ಇಬ್ಬರೋ ಇರುತ್ತಾರೆ. ಶನಿವಾರ, ಭಾನುವಾರ ಉಸಿರಾಡಲು ಬಿಡುವಿಲ್ಲ; ಜನರಿಗೆ ರಜೆ ಇರುವುದು ಆಗಲೇ ಆದ್ದರಿಂದ ಹಬ್ಬಗಳೂ ಕಲ್ಯಾಣೋತ್ಸವಗಳೂ ವಾರದ ಕೊನೆಗೇ ಬರುತ್ತವೆ. ತೆಲುಗರಿಗೆ ಸತ್ಯನಾರಾಯಣ ಪೂಜೆ ತೆಲುಗಿನಲ್ಲಿ ಹೇಳಬೇಕು, ತಮಿಳರ ಹನುಮನಿಗೆ ವಡೆಮಾಲೆ ಬೇಕು, ಇನ್ನೊಬ್ಬರ ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣು ಇಡಬೇಕು. ಹೋಮಕ್ಕೆ ಕುಳಿತರೆ ಹೊಗೆಯ ಗಂಟೆ ಹೊಡೆದುಕೊಳ್ಳದಂತೆ ಮೊದಲೇ ವ್ಯವಸ್ಥೆ ಮಾಡಬೇಕು. ತಿಥಿಯನ್ನು ಅಲ್ಲಿನ ಸೂರ್ಯೋದಯಕ್ಕೆ ಲೆಕ್ಕ ಹಾಕುವುದರಿಂದ ಏಕಾದಶಿ ಎಷ್ಟೋ ಸಲ ಬೆಂಗಳೂರಿಗಿಂತ ಒಂದು ದಿನ ಮೊದಲೇ ಬರುತ್ತದೆ. “ಅಮ್ಮ ಫೋನಿನಲ್ಲಿ, ಇವತ್ತು ಉಪವಾಸವಲ್ಲವೇನೋ ಎಂದು ಕೇಳುತ್ತಿದ್ದಳು. ನಾನು ಆಗಲೇ ಪಾರಣೆ ಮುಗಿಸಿರುತ್ತಿದ್ದೆ. ಅಮ್ಮನೊಂದಿಗೆ ಒಂದೇ ದಿನ ಉಪವಾಸ ಮಾಡಲಾಗುತ್ತಿಲ್ಲವಲ್ಲ ಎಂದು ಬೇಸರವಾಗುತ್ತಿತ್ತು.”

ಎರಡನೆಯ ಭೇಟಿಯಲ್ಲಿ ಸಂಕಲ್ಪದ ವಿಷಯ ತಾನಾಗಿ ಬಂತು. ಪೂಜೆಯಾಗಲಿ ಶ್ರಾದ್ಧವಾಗಲಿ, ಮಾಡುವವನು ತಾನು ಯಾವ ಕಾಲದಲ್ಲಿ, ಯಾವ ನೆಲದಲ್ಲಿ ಕುಳಿತಿದ್ದೇನೆ ಎಂದು ಮೊದಲು ಹೇಳಿಕೊಳ್ಳುತ್ತಾನೆ. ನಮ್ಮಲ್ಲಿ ಅದು “ಭರತವರ್ಷೇ ಭರತಖಂಡೇ ಜಂಬೂದ್ವೀಪೇ ದಂಡಕಾರಣ್ಯೇ ಗೋದಾವರ್ಯಾಃ ದಕ್ಷಿಣೇ ತೀರೇ” ಎಂದು ಸಾಗುತ್ತದೆ. ಅಮೆರಿಕದ ಅನೇಕ ದೇವಸ್ಥಾನಗಳಲ್ಲಿ “ಕ್ರೌಂಚದ್ವೀಪೇ ರಮಣಕವರ್ಷೇ ಐಂದ್ರಖಂಡೇ” ಎನ್ನುತ್ತಾರೆ. ಭಟ್ಟರು ಐದು ವರ್ಷ ದಿನಕ್ಕೆ ಹಲವು ಸಲ ಅದನ್ನೇ ಹೇಳಿದ್ದರು, ಸಾವಿರಾರು ಜನರಿಂದ ಹೇಳಿಸಿದ್ದರು.

ಊರಿಗೆ ಬಂದ ಮರುತಿಂಗಳೇ, ಆಶ್ವಯುಜದಲ್ಲಿ, ತಂದೆಯ ಶ್ರಾದ್ಧ. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ಆಗ ಭಟ್ಟರು ಬರಲಾಗಿರಲಿಲ್ಲ. ಕ್ರಿಯೆ ಮಾಡಿದವನು ತಮ್ಮ. ಹಿರಿಯ ಮಗ ತಂದೆಗಾಗಿ ಕುಳಿತದ್ದು ಇದೇ ಮೊದಲು. ಬೆರಳಲ್ಲಿ ಪವಿತ್ರ, ಎದುರಿಗೆ ಎಳ್ಳು, ದರ್ಭೆ. ಪುರೋಹಿತರು, “ನಿನಗೆ ನಾನೇನು ಹೇಳಿಕೊಡುವುದು, ನೀನೇ ಹೇಳಿಕೋ” ಎಂದರು. ನಾಲಗೆ ಕ್ರೌಂಚದ್ವೀಪಕ್ಕೆ ಹೋಯಿತು.

ಚಿಕ್ಕಪ್ಪ ನಕ್ಕರು. ಅಷ್ಟಾಗಿದ್ದರೆ ಮರೆತುಹೋಗುತ್ತಿತ್ತೋ ಏನೋ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿ, “ಅಪ್ಪ ಹೋದಾಗಲೂ ಅಲ್ಲೇ ಇದ್ದ, ಈಗಲೂ ಅಲ್ಲೇ ಇದ್ದಾನೆ” ಎಂದುಬಿಟ್ಟರು.

ಅಂದಿನಿಂದ ಭಟ್ಟರು ಮಂತ್ರಕ್ಕೆ ಬಾಯಿ ತೆರೆದಿರಲಿಲ್ಲ.

ತಂದೆ ಹೋದಾಗ ಏಕೆ ಬರಲಾಗಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಇಂಥ ಕುಟುಂಬಗಳಲ್ಲಿ ಇದು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಧಾರ್ಮಿಕ ಸೇವೆಗೆ ಹೋಗುವವರಿಗೆ ಅಮೆರಿಕ ಕೊಡುವುದು ಆರ್-1 ವೀಸಾ. ಮೊದಲಿಗೆ 30 ತಿಂಗಳು, ವಿಸ್ತರಿಸಿದರೆ ಒಟ್ಟು ಐದು ವರ್ಷ. ಭಟ್ಟರು ಮರಳಿದಾಗಿನ ನಿಯಮದಂತೆ, ಐದು ವರ್ಷ ಮುಗಿದ ಮೇಲೆ ಒಂದು ವರ್ಷ ಹೊರಗಿದ್ದು ಮತ್ತೆ ಅರ್ಜಿ ಹಾಕಬೇಕಿತ್ತು. ತಂದೆ ತೀರಿಕೊಂಡಾಗ ಅವರ ವಾಸದ ಅವಧಿ ವಿಸ್ತರಣೆಯಾಗಿತ್ತು, ಆದರೆ ಪಾಸ್‌ಪೋರ್ಟಿನಲ್ಲಿದ್ದ ವೀಸಾ ಮುಗಿದಿತ್ತು. ಹೊರಟು ಬಂದರೆ ಹೊಸ ವೀಸಾ ಸಿಗುವವರೆಗೆ ಹಿಂದಿರುಗುವಂತಿಲ್ಲ. ಹೆಂಡತಿ ಮಗು ಅಲ್ಲಿ, ಮನೆಯ ಸಾಲ ಇಲ್ಲಿ.

ನವರಾತ್ರಿಯ ಮೂರನೆಯ ದಿನ ಸುದ್ದಿ ಬಂತು. ಸೂತಕವಾದ್ದರಿಂದ ಗರ್ಭಗುಡಿಗೆ ಹೋಗುವಂತಿಲ್ಲ. ವರ್ಷದಲ್ಲೇ ಅತಿ ಹೆಚ್ಚು ಜನ ಸೇರುವ ದಿನಗಳಲ್ಲಿ ಭಟ್ಟರು ದೇವಸ್ಥಾನದ ಪಕ್ಕದ ಮನೆಯಲ್ಲಿ ಕಿಟಕಿ ಮುಚ್ಚಿ ಹತ್ತು ದಿನ ಕುಳಿತರು. ಗೋಡೆಯಾಚೆ ಲಲಿತಾ ಸಹಸ್ರನಾಮ ಕೇಳುತ್ತಿತ್ತು. ಊಟವನ್ನು ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಆಡಳಿತ ಮಂಡಳಿಯ ಒಬ್ಬರು, ಸೂತಕ ಎಂದಿಗೆ ಕಳೆಯುತ್ತದೆ ಎಂದು ದಿನವೂ ಸಂದೇಶ ಕಳಿಸುತ್ತಿದ್ದರು. ಇದನ್ನೆಲ್ಲ ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಿದ್ರೆ, ಹಸಿವು, ಸಾಯುವ ಯೋಚನೆ ಎಲ್ಲವನ್ನೂ ನೇರವಾಗಿ ಕೇಳಿದೆ. ಬದುಕು ಬೇಡ ಎನಿಸಿರಲಿಲ್ಲ. ನಿದ್ರೆ ಮಾತ್ರ ಪೂರ್ತಿ ಕೆಟ್ಟಿತ್ತು. ನಮ್ಮ ರಾತ್ರಿ ಎರಡೂವರೆಗೆ ಅಲ್ಲಿ ಹಿಂದಿನ ಮಧ್ಯಾಹ್ನ ಮೂರು, ಸಂಜೆಯ ಪೂಜೆಗೆ ಅಣಿ ಮಾಡುವ ಹೊತ್ತು. ಆಗ ಏಳುತ್ತಿದ್ದರು. ಆಮೇಲೆ ಆ ದೇವಸ್ಥಾನದ ನೇರಪ್ರಸಾರ ನೋಡುತ್ತಿದ್ದರು. “ಹಾರವನ್ನು ನಾನು ಇಡುತ್ತಿದ್ದ ಹಾಗೆ ಇಟ್ಟಿಲ್ಲ ಮೇಡಂ” ಎಂದರು.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ತೀರಾ ಸಾಮಾನ್ಯವಾದದ್ದು. ಮೊಬೈಲ್ ರಾತ್ರಿ ತಾಯಿಯ ಕೋಣೆಯಲ್ಲಿರಲಿ; ನೇರಪ್ರಸಾರ ವಾರಕ್ಕೊಮ್ಮೆ, ಹಗಲಿನಲ್ಲಿ, ಹೆಂಡತಿಯೊಂದಿಗೆ. ನಾಲ್ಕು ವಾರದಲ್ಲಿ ನಿದ್ರೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು ಎಂದು ಬರೆದುಕೊಟ್ಟೆ. ರಾತ್ರಿ ಯಾವ ಹೊತ್ತಿಗಾದರೂ ಕರೆ ಮಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವರ ಪತ್ನಿಯ ಕೈಗೆ ಕೊಟ್ಟೆ. ಮತ್ತೆ ಹೋಗುವುದೋ ಇಲ್ಲೇ ಉಳಿಯುವುದೋ ಎಂಬ ತೀರ್ಮಾನವನ್ನು ಯುಗಾದಿಯವರೆಗೆ ಯಾರೂ ಎತ್ತಬಾರದು ಎಂದೆ.

ಶ್ರಾದ್ಧ ಕೆಟ್ಟಿತೇ ಎಂಬ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ನನ್ನದಲ್ಲ. ಅದು ಅವರಿಗೆ ನಿಜವಾದ ಪ್ರಶ್ನೆ. ಅದನ್ನು ಮನಸ್ಸಿನ ಭ್ರಮೆ ಎಂದು ತಳ್ಳಿಹಾಕಿದ್ದರೆ ಅವರು ಮತ್ತೆ ನನ್ನ ಬಳಿ ಬರುತ್ತಿರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಪಾಠ ಹೇಳಿದ ಗುರುಗಳನ್ನು ಕೇಳಿ ಬನ್ನಿ ಎಂದು ಕಳಿಸಿದೆ. ಆ ವೃದ್ಧರು, ಕರ್ಮದ ಕೊನೆಯಲ್ಲಿ ಏನು ಹೇಳುತ್ತೀಯ ಎಂದು ಇವರನ್ನೇ ಕೇಳಿದರಂತೆ. “ಮಂತ್ರಹೀನಂ ಕ್ರಿಯಾಹೀನಂ ಭಕ್ತಿಹೀನಂ” ಎಂದು, ಲೋಪಗಳನ್ನು ಮನ್ನಿಸೆಂದು ಬೇಡುವ ಶ್ಲೋಕವನ್ನು ಭಟ್ಟರು ಶುರುಮಾಡಿದಾಗ, “ಅದನ್ನು ಬೇರೆಯವರಿಗಾಗಿ ಮಾತ್ರ ಹೇಳುತ್ತಿದ್ದೆಯೇನು?” ಎಂದರಂತೆ. ತಿಂಗಳುಗಳ ನಂತರ ಅವರ ಬಾಯಲ್ಲಿ ಬಂದ ಮೊದಲ ಶ್ಲೋಕ ಅದು. ಇನ್ನು ಪ್ರತಿ ಅಮಾವಾಸ್ಯೆಗೆ ತಂದೆಗೆ ತರ್ಪಣ ಬಿಡು ಎಂದು ಹೇಳಿ ಕಳಿಸಿದರು.

ಪತ್ನಿಯನ್ನು ನಾನು ತಡವಾಗಿ ಗಮನಿಸಿದೆ. ಇದು ನನ್ನ ಲೋಪ. ಅರ್ಚಕರ ಹೆಂಡತಿಗೆ ಅಲ್ಲಿ ಆರ್-2 ವೀಸಾ, ಸಂಬಳಕ್ಕೆ ದುಡಿಯುವಂತಿಲ್ಲ. ಬಿ.ಎಡ್. ಓದಿದ ಹೆಣ್ಣುಮಗಳು ಐದು ವರ್ಷ ಹೂ ಕಟ್ಟಿದರು, ನೈವೇದ್ಯ ಬೇಯಿಸಿದರು. ಅವರೊಬ್ಬರನ್ನೇ ಕೂರಿಸಿಕೊಂಡು ಮಾತನಾಡಿದ ದಿನ, “ನನಗೂ ಒಂದು ಸಂಬಳ ಇತ್ತು ಎಂಬುದೇ ಮರೆತುಹೋಗಿತ್ತು” ಎಂದರು. ಈ ವರ್ಷವೇ ಶಾಲೆಗೆ ಅರ್ಜಿ ಹಾಕಿ, ಗಂಡನ ತೀರ್ಮಾನಕ್ಕೆ ಕಾಯಬೇಡಿ ಎಂದೆ. ಅತ್ತೆ ಮೊಮ್ಮಗಳನ್ನು ನೋಡಿಕೊಳ್ಳಲು ಒಪ್ಪಿದರು.

ತಾಯಿಯನ್ನು ಕರೆಸಿದ್ದು ನಾಲ್ಕನೆಯ ಭೇಟಿಗೆ. ಬಾಗಿಲಲ್ಲಿ ಆಡಿದ ಮಾತು ಅವರಿಗೆ ನೆನಪೇ ಇರಲಿಲ್ಲ. ಭಟ್ಟರು ಆ ಹತ್ತು ದಿನಗಳ ಕಥೆಯನ್ನು, ಗೋಡೆಯಾಚೆಯ ಸಹಸ್ರನಾಮವನ್ನು, ನೆಲ ನೋಡುತ್ತಾ ಹೇಳಿದರು. ತಾಯಿ ಬಹಳ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

“ಒಂದು ಮಾತು ಹೇಳಲಿಲ್ಲವಲ್ಲೋ ಮಗು.”

“ನೀನು ಕೇಳಲಿಲ್ಲ ಅಮ್ಮ.”

ಪ್ರತಿ ಶನಿವಾರ ಸಂಜೆ, ದೀಪ ಹಚ್ಚಿದ ಮೇಲೆ, ಅಲ್ಲಿನ ಒಂದು ಸಂಗತಿಯನ್ನು ಮಗನಿಂದ ಕೇಳಿ ತಿಳಿದುಕೊಳ್ಳಿ ಎಂದು ತಾಯಿಗೆ ಹೇಳಿದೆ. ಹಣದ ವಿಷಯ ಬೇಡ, ವಾಪಸು ಹೋಗುವ ವಿಷಯವೂ ಬೇಡ.

ಯುಗಾದಿಗೆ ಮುಂಚೆ ದಂಪತಿ ಒಮ್ಮೆ ಬಂದಿದ್ದರು. ಭಟ್ಟರು ಐದು ಗಂಟೆ ನಿದ್ರೆ ಮಾಡುತ್ತಿದ್ದಾರೆ. ಉತ್ತರಹಳ್ಳಿಯಲ್ಲಿ ಒಂದು ಗೃಹಪ್ರವೇಶ ಮಾಡಿಸಿದ್ದಾರೆ. ಸಂಕಲ್ಪದ ಮುಂಚೆ ಈಗಲೂ ಒಂದು ಕ್ಷಣ ತಡೆದು ಹೇಳುತ್ತಾರಂತೆ. ಮತ್ತೆ ಹೋಗುವ ವಿಷಯ ಇತ್ಯರ್ಥವಾಗಿಲ್ಲ. ಪತ್ನಿಗೆ ಜೂನ್‌ನಿಂದ ಶಾಲೆಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿದೆ. ಹಿಂದಿನ ಶನಿವಾರ ಹಿಮ ಸರಿಸುವ ಕಥೆಯನ್ನು ತಾಯಿಗೆ ಹೇಳಿದ್ದರು. ಪೂರ್ತಿ ಕೇಳಿದ ಮೇಲೆ ಅವರು ಮಗನ ಪಾದವನ್ನು ನೋಡುತ್ತಾ, “ಒಳಗೆ ನೆಲವಾದರೂ ಬೆಚ್ಚಗಿರುತ್ತಿತ್ತೇನೋ?” ಎಂದು ಕೇಳಿದರಂತೆ.